ಮಕ್ಕಳಿಗೆ ಬೈಯುವ ಮೊದಲು ಹದಿನೈದು ದಿನ ಬರೆದು ನೋಡಿ

ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವವರ ಮನೆಗೆ ಒಂದು ಬೆಳಿಗ್ಗೆ ಹೋಗಿ ನೋಡಿ. ರಾತ್ರಿ ಹಾಕಿದ ಸೊಪ್ಪು ಹಾಗೇ ಉಳಿದಿದ್ದರೆ ಯಾರೂ ಹುಳುವಿಗೆ ಬೈಯುವುದಿಲ್ಲ. "ಇದಕ್ಕೆ ಸೊಕ್ಕು ಜಾಸ್ತಿಯಾಯ್ತು" ಅನ್ನುವುದಿಲ್ಲ. ರಾತ್ರಿ ಶಾಖ ಎಷ್ಟಿತ್ತು, ಸೊಪ್ಪು ಒದ್ದೆ ಇತ್ತಾ, ಪಕ್ಕದ ದ್ರಾಕ್ಷಿ ತೋಟದವರು ಔಷಧಿ ಹೊಡೆದರಾ, ಹುಳು ಜ್ವರಕ್ಕೆ (ಪೊರೆ ಬಿಡುವುದಕ್ಕೆ) ಕೂತಿದೆಯಾ ಅಂತ ವಿಚಾರಿಸುತ್ತಾರೆ. ನಮ್ಮಣ್ಣ ಹುಳು ಮನೆಯ ಗೋಡೆಗೆ ಒಂದು ನೋಟ್‌ಬುಕ್ ನೇತುಹಾಕಿದ್ದಾನೆ. ಎಷ್ಟು ಗಂಟೆಗೆ ಸೊಪ್ಪು, ಎಷ್ಟು ಶಾಖ, ಎಷ್ಟು ತೇವ, ಎಲ್ಲ ಅದರಲ್ಲಿ ಇರುತ್ತದೆ.

ಅದೇ ಮನೆಯಲ್ಲಿ ಹದಿಮೂರು ವರ್ಷದ ಹುಡುಗಿ ತಟ್ಟೆ ತಳ್ಳಿ ಎದ್ದು ಹೋದರೆ ಮಾತ್ರ ನಮಗೆ ಕಾರಣ ಮೊದಲೇ ಗೊತ್ತಿರುತ್ತದೆ. ಸೊಕ್ಕು. ಇಲ್ಲ ಅಂದರೆ ಮೊಬೈಲು.

ನಾನು ಹೈಸ್ಕೂಲ್ ಮೇಷ್ಟ್ರು. ಬಿ.ಎಡ್ ಓದುವಾಗ ಮಕ್ಕಳ ಮನಶ್ಶಾಸ್ತ್ರವನ್ನು ಪರೀಕ್ಷೆಗೆ ಬೇಕಾದಷ್ಟು ಓದಿ ಮರೆತಿದ್ದೆ. ನನ್ನ ಮಗಳು ಎಂಟನೇ ಕ್ಲಾಸಿಗೆ ಬಂದ ವರ್ಷ ಮತ್ತೆ ಓದಬೇಕಾಯಿತು. ಆ ಓದಿನಲ್ಲಿ ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಒಂದು ನೋಟ್‌ಬುಕ್, ಒಂದು ಪೆನ್ನು, ಹದಿನೈದು ದಿನ. ಅದನ್ನು ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ. ಆರರಿಂದ ಹದಿನೇಳು ವರ್ಷದವರೆಗಿನ ಮಕ್ಕಳಿರುವ ಮನೆಗೆ ಹೊಂದುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಗು ಸಾಯುವ ಮಾತಾಡುತ್ತಿದ್ದರೆ ಅಥವಾ ಮೈ ಕೊಯ್ದುಕೊಳ್ಳುತ್ತಿದ್ದರೆ ಈ ಹದಿನೈದು ದಿನ ಕಾಯಬೇಡಿ. ಸೀದಾ ಕೊನೆಯ ಭಾಗಕ್ಕೆ ಹೋಗಿ.

ಮೊದಲು ಮೈ ನೋಡಿ

ಎಂಟನೇ ಕ್ಲಾಸಿನಲ್ಲಿ ಒಬ್ಬ ಹುಡುಗನಿದ್ದ. ಬೋರ್ಡ್ ಮೇಲೆ ಬರೆದದ್ದನ್ನು ಇಳಿಸಿಕೊಳ್ಳುತ್ತಿರಲಿಲ್ಲ. ಪಕ್ಕದವನನ್ನು ಕೆಣಕುತ್ತಾ ಕೂರುತ್ತಿದ್ದ. ಎರಡು ತಿಂಗಳು ಬೈದೆ. ಆಮೇಲೆ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದರು, ಕಣ್ಣು ನೋಡಿದರು. ಕನ್ನಡಕ ಬಂತು. ಕೆಣಕಾಟ ಮುಕ್ಕಾಲು ಭಾಗ ಹೋಯಿತು. ಮಿಕ್ಕ ಕಾಲು ಭಾಗ ಆ ವಯಸ್ಸಿಗೆ ಇರಲೇಬೇಕು ಬಿಡಿ.

ಹಾಗಾಗಿ ನೋಟ್‌ಬುಕ್ ತೆಗೆಯುವ ಮುಂಚೆ ಕಣ್ಣು, ಕಿವಿ, ಹಲ್ಲು, ರಕ್ತಹೀನತೆ, ಹುಡುಗಿಯರಿಗೆ ಮುಟ್ಟಿನ ನೋವು, ಇವನ್ನೆಲ್ಲ ಒಂದು ಸಲ ಡಾಕ್ಟರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ, ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ಉಚಿತವಾಗಿ ನೋಡುತ್ತಾರೆ. ಅವರು ಶಾಲೆಗೆ ಬರುವ ದಿನ ಮಗು ರಜ ಹಾಕದಂತೆ ನೋಡಿಕೊಳ್ಳಿ ಸಾಕು.

ನಿದ್ದೆಯ ಲೆಕ್ಕ ಮಾತ್ರ ನೀವೇ ಹಾಕಬೇಕು. ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ, ಹದಿಮೂರರಿಂದ ಹದಿನೆಂಟಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ಅಮೆರಿಕದ ನಿದ್ರಾ ತಜ್ಞರ ಸಂಘ 2016ರಲ್ಲಿ ಹೇಳಿತು. ಅಷ್ಟೇ ಅಲ್ಲ. ಹದಿಹರೆಯದಲ್ಲಿ ಮೈಯೊಳಗಿನ ಗಡಿಯಾರ ಹಿಂದಕ್ಕೆ ಜರುಗುತ್ತದೆ, ನಿದ್ದೆ ಬರುವುದೇ ತಡವಾಗುತ್ತದೆ ಅಂತ ಮೇರಿ ಕಾರ್ಸ್‌ಕಾಡನ್ ಅನ್ನುವ ವಿಜ್ಞಾನಿ ವರ್ಷಗಟ್ಟಲೆ ಪರೀಕ್ಷಿಸಿ ತೋರಿಸಿದ್ದಾರೆ. ರಾತ್ರಿ ಹತ್ತಕ್ಕೆ ಮಲಗು ಅಂದರೆ ಹೊರಳಾಡುವುದು ಪೂರ್ತಿ ಮೊಬೈಲಿನ ತಪ್ಪಲ್ಲ. ಈಗ ನಮ್ಮ ಮನೆಗಳನ್ನು ನೋಡಿ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ ಮಕ್ಕಳೂ ರಾತ್ರಿ ಹನ್ನೊಂದರವರೆಗೆ ಸೊಪ್ಪು ಹಾಕುತ್ತಾರೆ. ಬೆಳಿಗ್ಗೆ ಐದೂವರೆಗೆ ಡೇರಿಗೆ ಹಾಲು. ಕೂಡಿಸಿ ಕಳೆದರೆ ಆರೂವರೆ ಗಂಟೆ. ಆ ವಾರ ಮಗು ಎಗರಾಡಿದರೆ ಅದು ನಡತೆಯ ಸಮಸ್ಯೆ ಅಲ್ಲ, ನಿದ್ದೆಯ ಸಾಲ. ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ನೋಟ್‌ಬುಕ್ ಶುರು ಮಾಡಿ.

ಬರೆಯುವುದಕ್ಕೆ ಒಂದನ್ನೇ ಆರಿಸಿ

ಪೋಷಕರ ಸಭೆಯಲ್ಲಿ ಒಬ್ಬ ತಾಯಿ ಜೊತೆ ನಡೆದ ಮಾತಿದು.

"ಸಾರ್, ಇವನದು ಮನೇಲಿ ಸಿಕ್ಕಾಪಟ್ಟೆ ಮೊಂಡಾಟ."

"ಮೊಂಡಾಟ ಅಂದ್ರೆ ಏನು ಮಾಡ್ತಾನಮ್ಮ?"

"ಹೇಳಿದ ಮಾತು ಕೇಳಲ್ಲ."

"ನೆನ್ನೆ ಯಾವ ಮಾತು ಕೇಳಲಿಲ್ಲ?"

ಆಕೆ ಸ್ವಲ್ಪ ಯೋಚಿಸಿದರು. "ನೆನ್ನೆ... ಫೋನ್ ಇಡು ಅಂದೆ. ಇಡಲಿಲ್ಲ. ಕಿತ್ಕೊಂಡೆ. ಬಾಗಿಲು ಒದ್ದ."

"ಮೊನ್ನೆ?"

"ಮೊನ್ನೆನೂ ಫೋನೇ ಸಾರ್."

"ಹಾಲು ಹಾಕಿ ಬಾ ಅಂದ್ರೆ?"

"ಅಯ್ಯೋ, ಅದಕ್ಕೆಲ್ಲ ಹೋಗ್ತಾನೆ. ಹಸು ಮೇವೂ ನೋಡ್ಕೋತಾನೆ."

ಹುಡುಗ ಮೊಂಡನಲ್ಲ. ಫೋನ್ ಕೆಳಗಿಡುವ ಐದು ನಿಮಿಷ ಮಾತ್ರ ಮೊಂಡ. ಆ ಐದು ನಿಮಿಷದ ಬಗ್ಗೆ ಏನಾದರೂ ಮಾಡಬಹುದು. "ಮೊಂಡ" ಅನ್ನುವುದರ ಬಗ್ಗೆ ಏನೂ ಮಾಡಲು ಆಗುವುದಿಲ್ಲ.

ಹಾಗಾಗಿ ಸೋಂಬೇರಿ, ಸೊಕ್ಕು, ಮೊಂಡ, ಅಳುಮುಂಜಿ, ಈ ಪದಗಳನ್ನು ನೋಟ್‌ಬುಕ್ಕಿಗೆ ಬಿಡಬೇಡಿ. ಬಾಗಿಲಲ್ಲಿ ನಿಂತ ಪಕ್ಕದ ಮನೆಯವರ ಕಣ್ಣಿಗೆ ಏನು ಕಾಣುತ್ತದೋ, ಕಿವಿಗೆ ಏನು ಕೇಳುತ್ತದೋ ಅಷ್ಟೇ ಬರೆಯಿರಿ. "ತಂಗಿಗೆ ಹೊಡೆದ", "ಪುಸ್ತಕ ಎಸೆದಳು", "ಸೋಮವಾರ ಹೊಟ್ಟೆನೋವು ಅಂದ, ಮಂಗಳವಾರವೂ ಅಂದ". ಅಂಥದ್ದರಲ್ಲಿ ಒಂದೇ ಒಂದನ್ನು ಆರಿಸಿ. ಐದನ್ನು ಹಿಡಿದುಕೊಂಡರೆ ಮೂರನೇ ದಿನಕ್ಕೆ ಬಿಟ್ಟುಬಿಡುತ್ತೀರಿ. ನಾನೂ ಬಿಟ್ಟಿದ್ದೆ.

ಆರಿಸುವಾಗ ಇನ್ನೊಂದು ಎಚ್ಚರ. ಮಕ್ಕಳ ತೊಂದರೆಗಳಲ್ಲಿ ಎರಡು ದಾರಿ ಇದೆ ಅಂತ ಮನಶ್ಶಾಸ್ತ್ರಜ್ಞ ಥಾಮಸ್ ಆಕೆನ್‌ಬಾಕ್ 1966ರಲ್ಲೇ ವಿಂಗಡಿಸಿದರು. ಕೆಲವು ಹೊರಕ್ಕೆ ಸಿಡಿಯುತ್ತವೆ: ಹೊಡೆಯುವುದು, ಸುಳ್ಳು, ಜಗಳ. ಕೆಲವು ಒಳಕ್ಕೆ ಇಳಿಯುತ್ತವೆ: ಹೆದರಿಕೆ, ಮಂಕು, ಕಾರಣವಿಲ್ಲದ ತಲೆನೋವು. ಮೊದಲನೆಯದಕ್ಕೆ ಶಾಲೆಯಿಂದ ಕರೆ ಬರುತ್ತದೆ. ಎರಡನೆಯದಕ್ಕೆ "ಒಳ್ಳೆ ಹುಡುಗಿ, ಬಾಯೇ ಇಲ್ಲ" ಅಂತ ಶಹಬ್ಬಾಸ್ ಸಿಗುತ್ತದೆ. ನನ್ನ ಕ್ಲಾಸಿನಲ್ಲಿ ನಾನು ತಡವಾಗಿ ಗಮನಿಸಿದ್ದೆಲ್ಲ ಬಾಯಿಲ್ಲದ ಮಕ್ಕಳನ್ನೇ. ಲಂಡನ್ನಿನ ರಾಬರ್ಟ್ ಗುಡ್‌ಮನ್ 1997ರಲ್ಲಿ ಮಾಡಿದ 25 ಸಾಲಿನ ಒಂದು ಪ್ರಶ್ನಾವಳಿ ಇದೆ. ತಂದೆತಾಯಿಯೂ ಮೇಷ್ಟ್ರೂ ತುಂಬಬಹುದು. ಅದರಲ್ಲಿ ಸಿಟ್ಟು, ಚಡಪಡಿಕೆಯ ಜೊತೆಗೆ ಹೆದರಿಕೆ, ಗೆಳೆಯರ ಜೊತೆಗಿನ ತೊಡಕೂ ಬರುತ್ತದೆ. ಐದು ಪ್ರಶ್ನೆಗಳ ಒಂದು ಗುಂಪು ಮಗುವಿನ ಒಳ್ಳೆಯ ಗುಣದ್ದು: ಹಂಚಿಕೊಳ್ಳುತ್ತದಾ, ಬಿದ್ದವರನ್ನು ಎತ್ತುತ್ತದಾ. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ನೀವೂ ಅದನ್ನು ಬರೆಯಿರಿ. ಸಿಟ್ಟು ಬಂದ ದಿನ ಓದಿಕೊಳ್ಳಲು ಬೇಕಾಗುತ್ತದೆ.

ಮೂರು ಮನೆ

ಪುಟಕ್ಕೆ ಎರಡು ಉದ್ದ ಗೆರೆ ಎಳೆದರೆ ಮೂರು ಮನೆ ಆಗುತ್ತದೆ. ಮುಂಚೆ, ಆಗ, ಆಮೇಲೆ. ಹೊತ್ತು ಬರೆಯುವುದನ್ನು ಮರೆಯಬೇಡಿ. ನಡೆದ ಒಂದು ಗಂಟೆಯೊಳಗೆ ಬರೆಯಿರಿ. ರಾತ್ರಿ ಕೂತು ಬರೆದರೆ ನಮ್ಮ ಸಿಟ್ಟನ್ನೇ ಬರೆಯುತ್ತೇವೆ. ನನ್ನ ನೋಟ್‌ಬುಕ್ಕಿನ ಮೊದಲ ವಾರ ಇದು:

ಸೋಮವಾರ, ಸಂಜೆ 5:50. ಮುಂಚೆ: ನಾನು ಬೈಕ್ ನಿಲ್ಲಿಸಿ ಒಳಗೆ ಬಂದೆ, "ಗಣಿತ ಮುಗೀತಾ?" ಅಂದೆ. ಆಗ: "ಬಂದ ತಕ್ಷಣ ಶುರು" ಅಂದಳು, ಪುಸ್ತಕ ಎಸೆದಳು. ಆಮೇಲೆ: ನನ್ನದು ಹತ್ತು ನಿಮಿಷ ಭಾಷಣ. ಅವಳು ಕೋಣೆಗೆ. ಗಣಿತ ಆಗಲಿಲ್ಲ.

ಮಂಗಳವಾರ, ಸಂಜೆ 6:05. ಮುಂಚೆ: ಶೂ ಬಿಚ್ಚುತ್ತಾ "ಟೆಸ್ಟ್ ಮಾರ್ಕ್ಸ್ ಕೊಟ್ರಾ?" ಅಂದೆ. ಆಗ: ಉತ್ತರ ಇಲ್ಲ. ಮತ್ತೆ ಕೇಳಿದೆ. ಕಿರುಚಿದಳು. ಆಮೇಲೆ: ನಾನೂ ಕಿರುಚಿದೆ. ಅವಳಮ್ಮ ಬಂದು ಇಬ್ಬರನ್ನೂ ಬೈದಳು.

ಗುರುವಾರ, ರಾತ್ರಿ 9. ಮುಂಚೆ: ಊಟಕ್ಕೆ ಕರೆದೆವು. ಆಗ: "ಬೇಡ" ಅಂತ ಬಾಗಿಲು ಹಾಕಿಕೊಂಡಳು. ಆಮೇಲೆ: ಅಜ್ಜಿ ಮುದ್ದೆ ಸಾರು ಕೋಣೆಗೇ ತಂದುಕೊಟ್ಟು, ಪಕ್ಕದಲ್ಲಿ ಕೂತು ಅರ್ಧ ಗಂಟೆ ಮಾತಾಡಿದರು.

ಶುಕ್ರವಾರ. ಅಣ್ಣನ ಜೊತೆ ಗೂಡಿನ ಮಾರ್ಕೆಟ್ಟಿಗೆ ಹೋಗಿ ನಾನು ಬಂದಾಗ 8 ಗಂಟೆ. ಜಗಳ ಇಲ್ಲ. ಗಣಿತ ಮುಗಿದಿತ್ತು.

ಶುಕ್ರವಾರದ ಸಾಲನ್ನು ನಾನು ಬರೆಯದೇ ಬಿಡುವುದರಲ್ಲಿದ್ದೆ. ಏನೂ ಆಗಲಿಲ್ಲವಲ್ಲ, ಬರೆಯುವುದೇನು ಅಂತ. ಆಮೇಲೆ ನೋಡಿದರೆ ಅದೇ ಎಲ್ಲಕ್ಕಿಂತ ಬೆಲೆಯ ಸಾಲು. ಹದಿನೈದು ದಿನಕ್ಕೆ ಹನ್ನೊಂದು ಜಗಳ. ಅದರಲ್ಲಿ ಎಂಟು ನಾನು ಮನೆಗೆ ಕಾಲಿಟ್ಟ ಹತ್ತು ನಿಮಿಷದೊಳಗೆ. ಎಂಟಕ್ಕೆ ಎಂಟರಲ್ಲೂ ನನ್ನ ಮೊದಲ ಮಾತು ಪ್ರಶ್ನೆ. ಹಾಳಾಗಿ ಹೋಗಲಿ, ಒಂದು ದಿನವಾದರೂ "ಕಾಫಿ ಕುಡಿದೆಯಾ?" ಅಂತ ಇರಬಾರದಾ! ಒಂದೂ ಇರಲಿಲ್ಲ.

ಮಗಳ ಕೈಗೆ ನೋಟ್‌ಬುಕ್ ಸಿಕ್ಕಿತು

ಇದು ನನ್ನ ತಪ್ಪು. ನೀವು ಮಾಡಬೇಡಿ.

ನೋಟ್‌ಬುಕ್ಕನ್ನು ನಾನು ಬೀರು ಮೇಲೆ ಇಟ್ಟಿದ್ದೆ. ಒಂಬತ್ತನೇ ದಿನ ಅವಳಿಗೆ ಸಿಕ್ಕಿತು. ಪೂರ್ತಿ ಓದಿದ್ದಾಳೆ. ನಾನು ಬಂದಾಗ ನಡುಮನೆಯಲ್ಲಿ ನಿಂತಿದ್ದಳು, ಮುಖ ಕೆಂಪಗೆ.

"ನಾನೇನು ದೊಡ್ಡಪ್ಪನ ಹುಳು ಮನೆನಾ, ದಿನಾ ಲೆಕ್ಕ ಬರೆಯೋಕೆ?"

ನನಗೆ ಉತ್ತರ ತೋಚಲಿಲ್ಲ. ಕಳ್ಳ ಸಿಕ್ಕಿಬಿದ್ದ ಹಾಗೆ ನಿಂತೆ. ಆಮೇಲೆ, "ನಿನ್ನದಲ್ಲ ಕಣೇ, ನಮ್ಮಿಬ್ಬರದು ಬರೀತಿದ್ದೆ. ಯಾಕೆ ಜಗಳ ಆಗುತ್ತೆ ಅಂತ ನನಗೆ ಗೊತ್ತಾಗ್ತಿಲ್ಲ" ಅಂದೆ. ಅರ್ಧ ನಿಜ. ಅವಳು ಪೆನ್ನು ತಗೊಂಡು ಇನ್ನೊಂದು ಗೆರೆ ಎಳೆದು ನಾಲ್ಕನೇ ಮನೆ ಮಾಡಿದಳು. ಮೇಲೆ ಬರೆದಳು: "ಅಪ್ಪನ ಮುಖ ಹೇಗಿತ್ತು." ಅಲ್ಲಿಂದಾಚೆಗೆ ಆ ಮನೆಯನ್ನು ಅವಳೇ ತುಂಬಿದಳು. "ಹುಬ್ಬು ಗಂಟು." "ಯಾರನ್ನೋ ಸ್ಕೂಲಲ್ಲಿ ಬೈದು ಬಂದಿರೋ ಥರ." ಒಂದು ದಿನ, "ಇವತ್ತು ಪರವಾಗಿಲ್ಲ."

ಮಗು ಹತ್ತು ದಾಟಿದ್ದರೆ ಮೊದಲ ದಿನವೇ ಹೇಳಿ. ಕದ್ದು ಬರೆದದ್ದು ಸಿಕ್ಕಿದರೆ ನಂಬಿಕೆ ಹೋಗುತ್ತದೆ. ಹೇಳಿ ಬರೆದರೆ ಅರ್ಧ ಕೆಲಸ ಅವರೇ ಮಾಡಿಕೊಡುತ್ತಾರೆ. ನೋಟ್‌ಬುಕ್ಕನ್ನು ನೆಂಟರ ಮುಂದೆ ಓದುವುದು, ಮದುವೆ ಮನೆಯಲ್ಲಿ "ನಮ್ಮವಳ ಕಥೆ ಕೇಳಿ" ಅನ್ನುವುದು, ಇವೆಲ್ಲ ಖಂಡಿತ ಬೇಡ.

ಪುಟ ಓದುವುದು

ಹದಿನೈದನೇ ದಿನ ಚಹಾ ಇಟ್ಟುಕೊಂಡು ಕೂತು "ಆಮೇಲೆ" ಅನ್ನುವ ಮನೆಯನ್ನು ಮಾತ್ರ ಮೇಲಿಂದ ಕೆಳಗೆ ಓದಿ. ಒಂದೇ ಪ್ರಶ್ನೆ: ಹೀಗೆ ಮಾಡಿದ್ದರಿಂದ ಮಗುವಿಗೆ ಏನು ಸಿಕ್ಕಿತು, ಅಥವಾ ಏನು ತಪ್ಪಿತು?

1982ರಲ್ಲಿ ಬ್ರಯಾನ್ ಐವಾಟ ಮತ್ತು ಅವರ ಸಂಗಡಿಗರು ತಮ್ಮನ್ನು ತಾವೇ ಹೊಡೆದುಕೊಳ್ಳುವ, ಕಚ್ಚಿಕೊಳ್ಳುವ ಮಕ್ಕಳ ಜೊತೆ ಇದನ್ನೇ ಕ್ರಮವಾಗಿ ಪರೀಕ್ಷಿಸಿದರು. ಹೊರಗಿನಿಂದ ನೋಡಿದರೆ ಎಲ್ಲರದೂ ಒಂದೇ ನಡತೆ. ಆದರೆ ಒಂದು ಮಗುವಿನಲ್ಲಿ ಅದು, ಹೊಡೆದುಕೊಂಡ ಕೂಡಲೇ ಯಾರಾದರೂ ಹತ್ತಿರ ಬಂದು ಮಾತಾಡಿಸಿದಾಗ ಹೆಚ್ಚಾಯಿತು. ಇನ್ನೊಂದು ಮಗುವಿನಲ್ಲಿ ಕಷ್ಟದ ಕೆಲಸ ಕೊಟ್ಟಾಗ. ಮತ್ತೊಂದರಲ್ಲಿ ಯಾರೂ ಇಲ್ಲದೆ ಒಂಟಿಯಾಗಿದ್ದಾಗ. ಒಂದೇ ನಡತೆಗೆ ಬೇರೆ ಬೇರೆ ಕಾರಣ. ಹಾಗಾಗಿ ಪಕ್ಕದ ಮನೆಯವರ ಮದ್ದು ನಮ್ಮ ಮನೆಗೆ ನಾಟುವುದಿಲ್ಲ. ಸಾಮಾನ್ಯವಾಗಿ ಸಿಗುವುದು ಇವು: ಗಮನ, ಬೇಕಾದ ವಸ್ತು, ಬೇಡದ್ದರಿಂದ ತಪ್ಪಿಸಿಕೊಳ್ಳುವುದು, ಮೈಗೆ ಒಂದು ಸಮಾಧಾನ. ನಮ್ಮ ಗುರುವಾರದ ಸಾಲಿನಲ್ಲಿ ಸಿಕ್ಕಿದ್ದು ಅಜ್ಜಿಯ ಅರ್ಧ ಗಂಟೆ. ಇಡೀ ದಿನ ಆ ಹುಡುಗಿ ಜೊತೆ ಯಾರೂ ಅಷ್ಟು ಹೊತ್ತು ಕೂತಿರಲಿಲ್ಲ. ಅವಳು ಲೆಕ್ಕ ಹಾಕಿ ನಾಟಕ ಆಡಿದಳು ಅಂತ ದಯವಿಟ್ಟು ಓದಿಕೊಳ್ಳಬೇಡಿ. ನೀರು ಇಳಿಜಾರು ಹುಡುಕುವುದಕ್ಕೆ ಯಾರೂ ಹೇಳಿಕೊಡುವುದಿಲ್ಲ.

ಸೋಮವಾರದ ಸಾಲು ಇನ್ನೊಂದು ಥರದ್ದು. ಅಲ್ಲಿ ಸಿಕ್ಕಿದ್ದು ತಪ್ಪಿಸಿಕೊಳ್ಳುವ ದಾರಿ. ಎಗರಾಡಿದರೆ ಅಪ್ಪನ ಪ್ರಶ್ನೆ ನಿಲ್ಲುತ್ತದೆ, ಗಣಿತವೂ ನಿಲ್ಲುತ್ತದೆ. ಅಮೆರಿಕದ ಆರೆಗಾನ್‌ನಲ್ಲಿ ಗೆರಾಲ್ಡ್ ಪ್ಯಾಟರ್ಸನ್ ಅನ್ನುವವರ ತಂಡ ಮನೆಗಳಿಗೇ ಹೋಗಿ ಕೂತು, ತಾಯಿ ಏನಂದಳು, ಮಗು ಏನಂದಿತು ಅಂತ ಸಾಲುಸಾಲಾಗಿ ಗುರುತು ಹಾಕಿಕೊಂಡಿತು. 1982ರಲ್ಲಿ ಪ್ಯಾಟರ್ಸನ್ ಬರೆದದ್ದು ಹೀಗೆ ತಿರುಗುವ ಸುತ್ತಿನ ಬಗ್ಗೆ. ದೊಡ್ಡವರು ಹೇಳುತ್ತಾರೆ, ಮಗು ಎಗರಾಡುತ್ತದೆ, ದೊಡ್ಡವರು ಸಾಕಾಗಿ ಬಿಟ್ಟುಬಿಡುತ್ತಾರೆ. ಬಿಟ್ಟ ತಕ್ಷಣ ಮನೆ ತಣ್ಣಗಾಗುತ್ತದೆ. ಆ ತಂಪು ಇಬ್ಬರಿಗೂ ಬಹುಮಾನ. ಮಗು ಎಗರಾಡುವುದನ್ನು ಕಲಿಯಿತು, ನಾವು ಬಿಟ್ಟುಕೊಡುವುದನ್ನು ಕಲಿತೆವು. ಮುಂದಿನ ಸಲ ಇಬ್ಬರ ಗಂಟಲೂ ಒಂದು ಮೆಟ್ಟಿಲು ಮೇಲೆ.

ಬದಲಾಯಿಸುವುದು "ಮುಂಚೆ"ಯಿಂದ

ಎಲ್ಲರೂ "ಆಮೇಲೆ"ಯಿಂದ ಶುರು ಮಾಡುತ್ತಾರೆ. ಶಿಕ್ಷೆ ಏನು, ಬಹುಮಾನ ಏನು ಅಂತ. "ಮುಂಚೆ"ಯನ್ನು ಬದಲಾಯಿಸುವುದು ಎಷ್ಟೋ ಸುಲಭ, ಖರ್ಚೂ ಇಲ್ಲ. ನಾನು ಮಾಡಿದ್ದು ಇಷ್ಟೇ: ಮನೆಗೆ ಬಂದ ಮೊದಲ ಅರ್ಧ ಗಂಟೆ ಓದಿನ ಮಾತೇ ಇಲ್ಲ. ಕಾಫಿ, ಕೈಕಾಲು, ಹಸು ಹತ್ತಿರ ಒಂದು ಸುತ್ತು. ಮೊದಲ ಮೂರು ದಿನ ನಾಲಿಗೆ ಕಚ್ಚಿಕೊಂಡೇ ಇದ್ದೆ. ಫೋನಿನ ಹುಡುಗನ ತಾಯಿಗೆ ಹೇಳಿದ್ದು, ಕಿತ್ತುಕೊಳ್ಳುವ ಮುಂಚೆ ಇನ್ನು ಹತ್ತು ನಿಮಿಷ, ಆಮೇಲೆ ಇನ್ನು ಎರಡು ನಿಮಿಷ ಅಂತ ಎರಡು ಸಲ ಹೇಳಿ, ಆಟದ ಮಧ್ಯ ಬೇಡ, ಆ ಆಟ ಮುಗಿದ ಮೇಲೆ ಇಡಿಸಿ. ಸೋಮವಾರದ ಹೊಟ್ಟೆನೋವಾದರೆ ಸೋಮವಾರ ಮೊದಲ ಪೀರಿಯಡ್ ಯಾವುದು, ಬಸ್ಸಿನಲ್ಲಿ ಯಾರು ಪಕ್ಕ ಕೂರುತ್ತಾರೆ ಅಂತ ನೋಡಿ. ಅಲ್ಲಿ ಹೆದರಿಸುವವರು ಇದ್ದರೆ ಮೊದಲು ಅದನ್ನು ನಿಲ್ಲಿಸಬೇಕು. ಅಂಥದ್ದೇನೂ ಇಲ್ಲ, ಬರೀ ದಿಗಿಲು ಅಂತಾದರೆ ಮನೆಯಲ್ಲಿ ಇರಿಸಿಕೊಳ್ಳುವುದು ದಿಗಿಲನ್ನು ಬೆಳೆಸುತ್ತದೆ. ಅರ್ಧ ದಿನವಾದರೂ ಸರಿ, ಮೇಷ್ಟ್ರಿಗೆ ಹೇಳಿ ಕಳಿಸಿ.

ಮಕ್ಕಳ ಹುಟ್ಟುಗುಣವೂ ಲೆಕ್ಕಕ್ಕೆ ಬರುತ್ತದೆ. ಅಲೆಕ್ಸಾಂಡರ್ ಥಾಮಸ್, ಸ್ಟೆಲ್ಲಾ ಚೆಸ್ ಅನ್ನುವ ಗಂಡಹೆಂಡತಿ 1956ರಿಂದ ನ್ಯೂಯಾರ್ಕ್‌ನಲ್ಲಿ ನೂರಕ್ಕೂ ಹೆಚ್ಚು ಮಕ್ಕಳನ್ನು ಕೂಸಿನಿಂದ ದೊಡ್ಡವರಾಗುವವರೆಗೆ ನೋಡಿದರು. ಕೆಲವರು ಬೇಗ ಹೊಂದಿಕೊಳ್ಳುತ್ತಾರೆ, ಕೆಲವರು ಎಲ್ಲದಕ್ಕೂ ಜೋರಾಗಿ ಸ್ಪಂದಿಸುತ್ತಾರೆ, ಕೆಲವರು ನಿಧಾನಕ್ಕೆ ಬೆರೆಯುತ್ತಾರೆ. ಯಾವುದೂ ಕಾಯಿಲೆಯಲ್ಲ. ಮಗುವಿನ ಗುಣಕ್ಕೂ ಮನೆಯವರ ನಿರೀಕ್ಷೆಗೂ ಹೊಂದದಿದ್ದಾಗ ತೊಡಕು ಶುರುವಾಗುತ್ತದೆ ಅಂತ ಅವರ ಮಾತು. ದೊಡ್ಡವನು ಹೀಗಿರಲಿಲ್ಲ ಅನ್ನುವ ಮುಂಚೆ ಇದನ್ನು ನೆನಪಿಸಿಕೊಳ್ಳಿ.

ಭಾವನೆಗೆ ಹೆಸರು

"ಬೇಜಾರು" ಅನ್ನುವ ನಮ್ಮ ಪದ ಒಂದು ದೊಡ್ಡ ಚೀಲ. ಪರೀಕ್ಷೆ ಕೆಟ್ಟರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಮಾಡಲು ಏನೂ ಇಲ್ಲದಿದ್ದರೂ ಬೇಜಾರು. ಮಗು "ಬೇಜಾರು" ಅಂದಾಗ ಚೀಲಕ್ಕೆ ಕೈ ಹಾಕಿ. ಅವಮಾನವಾ, ಹೊಟ್ಟೆಕಿಚ್ಚಾ, ದಿಗಿಲಾ, ನಾಚಿಕೆಯಾ, ಒಂಟಿ ಅನ್ನಿಸ್ತಾ, ಸುಮ್ನೆ ಸುಸ್ತಾ? ನೀವೇ ಎರಡು ಮೂರು ಮುಂದಿಡಿ, ಮಗು ಆರಿಸಲಿ. ತಪ್ಪು ಊಹೆಯಾದರೂ ನಷ್ಟವಿಲ್ಲ, "ಅದಲ್ಲ, ಇದು" ಅಂತ ಅವರೇ ತಿದ್ದುತ್ತಾರೆ.

ಇದು ಬರೀ ಸಮಾಧಾನದ ಮಾತಲ್ಲ. ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ಸಿಟ್ಟಿನ, ಹೆದರಿಕೆಯ ಮುಖಗಳ ಚಿತ್ರ ತೋರಿಸಿ ಜನರ ಮೆದುಳನ್ನು ಸ್ಕ್ಯಾನ್ ಮಾಡಿದರು. ಆ ಭಾವನೆಗೆ ಹೆಸರು ಕೊಟ್ಟಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಗದ್ದಲ ತಗ್ಗಿತು. ಅದು ದೊಡ್ಡವರ ಮೇಲೆ ಮಾಡಿದ ಪ್ರಯೋಗ. ಆದರೆ ಮಕ್ಕಳ ಜೊತೆ ಕೆಲಸ ಮಾಡುವವರು ಬಹಳ ಹಿಂದಿನಿಂದ ಮಾಡುತ್ತಾ ಬಂದದ್ದೂ ಇದನ್ನೇ.

ನಮ್ಮ ಕಡೆಯ ಒಂದು ವಿಶೇಷ ಇದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಕೆಲವರಿಗೆ ಇಂಗ್ಲಿಷ್. ಒಬ್ಬ ಹುಡುಗಿಯನ್ನು ಸ್ಟಾಫ್ ರೂಮಿನಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಎಷ್ಟು ಕೇಳಿದರೂ "ಏನಿಲ್ಲ ಸಾರ್" ಅನ್ನುತ್ತಿದ್ದಳು. ನಮ್ಮ ಆಯಾ ಬಂದು ತೆಲುಗಿನಲ್ಲಿ ಒಂದು ಮಾತು ಕೇಳಿದರು. "ಭಯಂಗಾ ಉಂದಿ" ಅಂತ ಅತ್ತುಬಿಟ್ಟಳು. ಓದಿನ ಭಾಷೆ ಯಾವುದಾದರೂ ಇರಲಿ, ಅಳುವ ಭಾಷೆಯಲ್ಲಿ ಕೇಳಿ.

ಆಮೇಲೆಯ ಮನೆ

ಬೇಡದ ನಡತೆಗೆ ಸಿಗುತ್ತಿದ್ದ ಗಮನವನ್ನು ಬೇಕಾದ ನಡತೆಯ ಕಡೆ ತಿರುಗಿಸಬೇಕು. ಅಜ್ಜಿಯ ಅರ್ಧ ಗಂಟೆಯನ್ನು ನಾವು ನಿಲ್ಲಿಸಲಿಲ್ಲ, ಊಟಕ್ಕೆ ಮುಂಚೆ ಇಟ್ಟೆವು. ಬಾಗಿಲು ಹಾಕಿಕೊಳ್ಳುವ ಅಗತ್ಯವೇ ಉಳಿಯಲಿಲ್ಲ.

ಹೊಗಳುವಾಗ ಏನು ಮಾಡಿದ ಅಂತ ಹೇಳಿ ಹೊಗಳಿ. "ಜಾಣ" ಅನ್ನುವುದಕ್ಕಿಂತ "ಎರಡು ಸಲ ತಪ್ಪಾದರೂ ಮತ್ತೆ ಮಾಡಿದೆಯಲ್ಲ" ಅನ್ನುವುದು ಮೇಲು. ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಕಂಡದ್ದು ಇದನ್ನೇ. ಜಾಣ ಅನ್ನಿಸಿಕೊಂಡ ಮಕ್ಕಳು ಸೋತ ಮೇಲೆ ಬೇಗ ಕೈಬಿಟ್ಟರು, ಶ್ರಮಕ್ಕೆ ಹೊಗಳಿಸಿಕೊಂಡವರು ಅಂಟಿಕೊಂಡರು.

ಇಲ್ಲಿ ಒಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. ಎಗರಾಟಕ್ಕೆ ಸಿಗುತ್ತಿದ್ದದ್ದನ್ನು ನಿಲ್ಲಿಸಿದ ಮೊದಲ ಕೆಲವು ದಿನ ಎಗರಾಟ ಎಷ್ಟೋ ಸಲ ಕಮ್ಮಿಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಕರೆಂಟು ಹೋದಾಗ ಸ್ವಿಚ್ಚನ್ನು ನಾಲ್ಕು ಸಲ ಟಕಟಕ ಒತ್ತಿ ನೋಡುತ್ತೇವಲ್ಲ, ಹಾಗೆ. ಆ ಹೊತ್ತಿನಲ್ಲಿ "ಇದು ಕೆಲಸ ಮಾಡಲ್ಲ" ಅಂತ ಸೋತು ಫೋನ್ ಕೊಟ್ಟರೆ ಮಗು ಕಲಿಯುವುದು ಒಂದೇ: ಇನ್ನೂ ಜೋರಾಗಿ ಕಿರುಚಬೇಕು. ಒಮ್ಮೆ ಕೊಟ್ಟು ಒಮ್ಮೆ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಯಾವಾಗ ಸಿಗುತ್ತದೋ ಗೊತ್ತಿಲ್ಲದ ಬಹುಮಾನಕ್ಕೆ ಅಂಟಿದ ಚಟ ಬೇಗ ಬಿಡುವುದಿಲ್ಲ ಅಂತ ಮನಶ್ಶಾಸ್ತ್ರಜ್ಞ ಸ್ಕಿನ್ನರ್ 1950ರ ದಶಕದಲ್ಲೇ ಪಾರಿವಾಳಗಳಲ್ಲಿ ತೋರಿಸಿದ್ದರು. ಇಸ್ಪೀಟು ಆಡುವವರನ್ನು ಕಂಡವರಿಗೆ ಪಾರಿವಾಳವೂ ಬೇಕಿಲ್ಲ. ಹಾಗಾಗಿ ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರೂ ಮೊದಲೇ ಕೂತು ಒಂದು ಮಾತಿಗೆ ಬನ್ನಿ. ನಮ್ಮ ಮನೆಯಲ್ಲಿ ಕಷ್ಟವಾದದ್ದು ಮಗಳನ್ನು ಒಪ್ಪಿಸುವುದಲ್ಲ, ನಮ್ಮಮ್ಮನನ್ನು.

ಹೊಡೆಯುವುದು? "ನಾವು ಹೊಡೆಸಿಕೊಂಡೇ ಬೆಳೆದಿಲ್ವಾ" ಅನ್ನುತ್ತಾರೆ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್ ಕೇಲರ್ 2016ರಲ್ಲಿ 75 ಅಧ್ಯಯನ, ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ಲೆಕ್ಕವನ್ನು ಒಟ್ಟಿಗೆ ನೋಡಿದರು. ಪೆಟ್ಟು ತಿಂದವರಲ್ಲಿ ಜಗಳ, ಸುಳ್ಳು, ಮಂಕುತನ ಹೆಚ್ಚೇ ಕಂಡಿತು, ಒಳ್ಳೆಯ ನಡತೆ ಹೆಚ್ಚಿದ್ದು ಕಾಣಲಿಲ್ಲ. ಇನ್ನು ಶಾಲೆಯಲ್ಲಿ ಹೊಡೆಯುವುದನ್ನೂ ಹೀಯಾಳಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಮೊದಲ ಕೆಲವು ವರ್ಷ ನಾನೂ ಕೋಲು ಹಿಡಿದವನೇ. ಹೇಳಿಕೊಳ್ಳಲು ಹೆಮ್ಮೆಯಿಲ್ಲ.

ಮೀಸೆ ಚಿಗುರುವ ವಯಸ್ಸು

ಹದಿನಾಲ್ಕು ದಾಟಿದವರ ನೋಟ್‌ಬುಕ್ಕಿನಲ್ಲಿ ಇನ್ನೊಂದು ಸಾಲು ಸೇರಿಸಿ: ಜೊತೆಗೆ ಯಾರಿದ್ದರು. ಮಾರ್ಗೊ ಗಾರ್ಡ್ನರ್, ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ 306 ಜನರಿಗೆ ಕಂಪ್ಯೂಟರಿನಲ್ಲಿ ಕಾರ್ ಓಡಿಸುವ ಆಟ ಆಡಿಸಿದರು. ಒಬ್ಬೊಬ್ಬರೇ ಆಡಿದಾಗ ಹುಡುಗರೂ ದೊಡ್ಡವರೂ ಹೆಚ್ಚು ಕಮ್ಮಿ ಒಂದೇ. ಗೆಳೆಯರು ಹಿಂದೆ ನಿಂತರೆ ಹದಿಹರೆಯದವರ ದುಡುಕು ಏರಿತು, ದೊಡ್ಡವರದು ಏರಲಿಲ್ಲ. ಬೈಪಾಸಿನಲ್ಲಿ ಮೂರು ಜನ ಕೂತ ಬೈಕು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಬುದ್ಧಿ ಹೇಳುವುದಾದರೆ ಒಬ್ಬನೇ ಇರುವಾಗ ಹೇಳಿ. ಗೆಳೆಯರ ಮುಂದೆ ಹೇಳಿದ್ದು ನೀರಿನಲ್ಲಿ ಹೋಮ.

ಮನೆಯಿಂದ ಆಚೆ ಯಾವಾಗ

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3ರಷ್ಟು ಮಕ್ಕಳಿಗೆ ಮಾನಸಿಕ ತೊಂದರೆ ಇದೆ. ಆ ಸಮೀಕ್ಷೆಗೆ ಮೊದಲ ಪ್ರಯೋಗ ನಡೆದದ್ದು ಪಕ್ಕದ ಕೋಲಾರ ಜಿಲ್ಲೆಯಲ್ಲೇ. ಐವತ್ತು ಮಕ್ಕಳ ಕ್ಲಾಸಿನಲ್ಲಿ ಮೂರು ನಾಲ್ಕು ಜನ ಅಂತಾಯಿತು. ಅವರಿಗೆ ನೋಟ್‌ಬುಕ್ ಸಾಲುವುದಿಲ್ಲ.

ಎರಡು ವಾರ ದಾಟಿದ ಮಂಕು ಅಥವಾ ಸಿಡಿಮಿಡಿ (ಮಕ್ಕಳಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಅಲ್ಲ, ಸಿಟ್ಟಾಗಿ ಬರುತ್ತದೆ), ಊಟ ನಿದ್ದೆ ಕೆಟ್ಟಿರುವುದು, ಇಷ್ಟದ ಆಟವೂ ಬೇಡ ಅನ್ನುವುದು, ಶಾಲೆ ಪೂರ್ತಿ ಬಿಟ್ಟಿರುವುದು, ಬಿಸಿಲಲ್ಲೂ ತುಂಬು ತೋಳಿನ ಅಂಗಿ ಬಿಚ್ಚದಿರುವುದು, ಇಲ್ಲದ ದನಿ ಕೇಳುವುದು, ಗಾಂಜಾ, ಕುಡಿತ. ಇವುಗಳಲ್ಲಿ ಒಂದು ಕಂಡರೂ ಹೊರಡಿ. ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಲು ಹೆದರಬೇಡಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಮ್ಯಾಡಲಿನ್ ಗೂಲ್ಡ್ ಅವರ ತಂಡ 2005ರಲ್ಲಿ ನ್ಯೂಯಾರ್ಕ್ ರಾಜ್ಯದ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲ್ ಮಕ್ಕಳಲ್ಲಿ ಪರೀಕ್ಷಿಸಿ ನೋಡಿದೆ. "ಇದೆ" ಅಂದರೆ ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಡಬ್ಬ, ಮನೆಯ ಮಾತ್ರೆಗಳು ಅವತ್ತೇ ಬೀಗದೊಳಗೆ ಹೋಗಬೇಕು. ನಮ್ಮ ಕಡೆ ಇದನ್ನು ಹಸು ಕೊಟ್ಟಿಗೆಯ ಮೂಲೆಯಲ್ಲಿ ಇಡುವ ರೂಢಿ, ಅದು ಬೇಡ.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗುವಿಗೆ ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೂ ಮಂಗಳವಾರ ಬರುತ್ತಾರೆ, ನಿಮ್ಮ ತಾಲ್ಲೂಕಿನ ಸರದಿ ಯಾವತ್ತು ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್‌ಗಳಿವೆ. ನಿಮ್ಹಾನ್ಸ್‌ನಲ್ಲಿ ಮಕ್ಕಳದ್ದೇ ಬೇರೆ ವಿಭಾಗ ಇದೆ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೆ ವಾಪಸ್. ಊರಿನವರು ಏನಂತಾರೋ ಅನ್ನುವ ಚಿಂತೆ ಬಿಡಿ, ಹಲ್ಲು ಕೀಳಿಸಲು ಹೋದರೂ ಅವರು ಏನಾದರೂ ಅಂತಾರೆ.

ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ಯಾವಾಗಿನಿಂದ, ಎಷ್ಟು ಸಲ, ಮುಂಚೆ ಏನಾಗಿತ್ತು, ಆಮೇಲೆ ಏನಾಯಿತು ಅಂತಲೇ ಅಲ್ಲೂ ಕೇಳುವುದು. ಅವಸರದಲ್ಲಿ ನೆನಪಿಗೆ ಬರುವುದಿಲ್ಲ.

ಯಾವಾಗ ನಿಲ್ಲಿಸಬೇಕು ಅಂತ ಕೆಲವರು ಕೇಳುತ್ತಾರೆ. ಎರಡು ವಾರ ಒಂದೇ ಒಂದು ಸಾಲೂ ಬರೆಯಲು ಸಿಗದಿದ್ದರೆ ನಿಲ್ಲಿಸಿ. ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಹಿಡಿಯಿತು. ಉಳಿದ ಪುಟಗಳಲ್ಲಿ ಈಗ ಮಗಳು ಡೇರಿಯ ಹಾಲಿನ ಲೆಕ್ಕ ಬರೆಯುತ್ತಾಳೆ. ನಾಲ್ಕನೇ ಮನೆಯ ಗೆರೆ ಮಾತ್ರ ಈಗಲೂ ಎಳೆಯುತ್ತಾಳೆ, ಅಭ್ಯಾಸಬಲಕ್ಕೆ. ಅಲ್ಲಿ ಫ್ಯಾಟ್ ಎಷ್ಟು ಬಂತು ಅಂತ ಇರುತ್ತದೆ.